ಜರಿ ತೋರಿಸುವ ಟಿವಿ

ಹೊಸದುರ್ಗದ ತೆಂಗಿನಕಾಯಿ ವ್ಯಾಪಾರಿ ಶಿವಕುಮಾರಪ್ಪ ಗೋಡೆಯಗಲದ ಟಿವಿ ತಂದದ್ದು ಬೀಗಿತಿಯ ಬಾಯಿ ಮುಚ್ಚಿಸುವುದಕ್ಕೆ. ಮಗಳು ಪಲ್ಲವಿಯ ಮದುವೆ ಮುಗಿದದ್ದೇ ತಡ, ಬೀಗಿತಿ ದಾಕ್ಷಾಯಿಣಮ್ಮ ಹೊಳಲ್ಕೆರೆಯ ತುಂಬ ಎರಡು ಮಾತು ಹಬ್ಬಿಸಿದ್ದರು: ಧಾರೆ ಸೀರೆಯ ಜರಿ ನಕಲಿ, ಊಟದ ಸಾರು ಬರೀ ನೀರು. ಸಾರಿನ ವಿಚಾರವನ್ನು ಶಿವಕುಮಾರಪ್ಪ ಮದುವೆಯ ದಿನ ಛತ್ರದಲ್ಲೇ ಬಗೆಹರಿಸಿದ್ದರು. ಅಡುಗೆಗೆ ಬಂದಿದ್ದ ಬಾಗೂರಿನ ಮಂಜಣ್ಣನನ್ನು ಎಲ್ಲರೆದುರು ಬೈದು, ಇನ್ನು ನಮ್ಮ ಬೀದಿಗೆ ಕಾಲಿಡಬೇಡ ಎಂದಿದ್ದರು. ಪಕ್ಕದ ಮನೆಯವನಾದ ನಾನೂ ಆ ಸಾರು ಉಂಡವನೇ, ನಾನೂ ಮಂಜಣ್ಣನನ್ನೇ ಶಪಿಸಿದೆ. ಉಳಿದದ್ದು ಜರಿಯ ಮಾನ.

ವಿಡಿಯೊದವನು ಮದುವೆಯನ್ನು ಟಿವಿಗೆ ಸಿಕ್ಕಿಸುವ ಒಂದು ಪುಟ್ಟ ಪೆಟ್ಟಿಗೆಯಲ್ಲಿ ತುಂಬಿಕೊಟ್ಟು, ಇದು ಫೋರ್‌ಕೆ, ಎಚ್‌ಡಿಆರ್, ಹೊಳೆಯುವುದು ಹೊಳೆದಂತೆಯೇ ಕಾಣುತ್ತದೆ, ಕತ್ತಲಲ್ಲಿ ಇದ್ದದ್ದೂ ಕಾಣುತ್ತದೆ ಎಂದಿದ್ದ. ಶಿವಕುಮಾರಪ್ಪನವರ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ.

ಆದರೆ ಮಾಂಗಲ್ಯಧಾರಣೆ ಇರುವ ಪೆಟ್ಟಿಗೆ ಟಿವಿ ಇದ್ದ ಹಾಲ್‌ನ ನೆಲದಲ್ಲಿ ಕೂರುವುದು ಹೆಂಡತಿ ದ್ಯಾಮಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೆ ವಿಭೂತಿ ಹಚ್ಚಿ ದೇವರ ಮನೆಯಲ್ಲಿಟ್ಟರು. ಮನೆ ಕಟ್ಟಿಸುವಾಗಲೇ ಗೋಡೆಯೊಳಗೆ ಸೇರಿಸಿ ಗಾರೆ ಮೆತ್ತಿಸಿದ್ದ ಹಳೆಯ ವೈರು ಅಲ್ಲಿಂದ ಹಾಲಿಗೆ ಬಂದಿತ್ತು. ಅದಕ್ಕೇ ಸಿಕ್ಕಿಸಿದರು. ಟಿವಿಯಲ್ಲಿ ಸೀರೆ ಬೂದಿ ಬಳಿದಂತೆ ಕಂಡಿತು, ಆಗಾಗ ಪರದೆಯೇ ಕಪ್ಪಾಯಿತು. ಹಳೇ ವೈರಿನಲ್ಲಿ ಅಷ್ಟು ದೊಡ್ಡ ಚಿತ್ರ ಹಾಯುವುದಿಲ್ಲ ಎಂದು ವಿಡಿಯೊದವನು ಫೋನಿನಲ್ಲಿ ಹೇಳಿದ. “ನೀರು ಬರೋ ಪೈಪಾಗೆ ಹಾಲು ಬರಲ್ವೇನಪ್ಪ?” ಎಂದು ಶಿವಕುಮಾರಪ್ಪ ಅವನನ್ನೇ ದಬಾಯಿಸಿದರು.

ಕೊನೆಗೆ ಚಿತ್ರದುರ್ಗಕ್ಕೆ ಹೋಗಿ, ತುದಿಗೆ ಚಿನ್ನದ ಬಣ್ಣವಿದ್ದ ಉದ್ದನೆಯ ವೈರು ತಂದು ದೇವರ ಮನೆಯಿಂದ ಎರಡು ಬಾಗಿಲು ಸುತ್ತಿಸಿ ಟಿವಿಗೆ ಎಳೆದರು. ಅದರಲ್ಲೂ ಚಿತ್ರ ಬಂದು ಬಂದು ಹೋಯಿತು. ಗಿಡ್ಡ ವೈರೇ ಬೇಕು, ಪೆಟ್ಟಿಗೆ ಟಿವಿಯ ಪಕ್ಕದಲ್ಲೇ ಇರಬೇಕು ಎಂದಾಯಿತು. ದ್ಯಾಮಮ್ಮ ಗೊಣಗುತ್ತಲೇ ಒಂದು ಸೋಮವಾರ ಪೆಟ್ಟಿಗೆಗೆ ಕಾಯಿ ಒಡೆಸಿ, ಮಣೆಯ ಮೇಲಿಟ್ಟು ಹಾಲಿಗೆ ತಂದರು. ಅಂದೇ ಬೀಗರನ್ನು ಕರೆಸಿದರು, ನಮ್ಮನ್ನೂ ಕರೆದರು.

ಜರಿ ಹೊಳೆಯಿತು ನೋಡಿ, ಎಳೆ ಎಳೆಯಾಗಿ. ದಾಕ್ಷಾಯಿಣಮ್ಮ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಹೋಗಿ ನೋಡಿ, ಹೌದೆಂದು ತಲೆಯಾಡಿಸಿ ಬಂದು ಕೂತರು. ಶಿವಕುಮಾರಪ್ಪ ಮೀಸೆ ತಿರುವಿದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಪರದೆಯ ಮೇಲೆ ಪಲ್ಲವಿ ಮಂಟಪದ ಕಡೆ ನಡೆದಳು. ಅವಳ ಹಿಂದೆ ಛತ್ರದ ಅಡುಗೆಮನೆಯ ಬಾಗಿಲು. ಹಳೇ ವೈರಿನಲ್ಲಿ ಅದು ಬರೀ ಕತ್ತಲು. ಈಗ ಒಳಗಿನದೆಲ್ಲ ಹಗಲಿನಷ್ಟು ಸ್ಪಷ್ಟ. ಪಂಚೆ ಎತ್ತಿಕಟ್ಟಿದ ಶಿವಕುಮಾರಪ್ಪ ಸಾರಿನ ಕೊಪ್ಪರಿಗೆಗೆ ಕೊಡ ಬಗ್ಗಿಸಿ ನೀರು ಸುರಿಯುತ್ತಿದ್ದಾರೆ. ಪಕ್ಕದಲ್ಲಿ ಮಂಜಣ್ಣ ಬೇಡ ಬೇಡ ಎಂದು ಕೈಮುಗಿಯುತ್ತಿದ್ದಾನೆ. ಒಂದು ಕೊಡ ಮುಗಿಯಿತು, ಇನ್ನೊಂದನ್ನೂ ಎತ್ತಿದರು.



“ಜರಿ ಅಸಲೇ ಐತ್ರಿ ಬೀಗ್ರೆ,” ಎಂದರು ದಾಕ್ಷಾಯಿಣಮ್ಮ ನಿಧಾನವಾಗಿ. “ಅಡುಗೆಯವ್ನೂ ಅಸಲೇ ಇದ್ದ ನೋಡ್ರಿ.”

ದ್ಯಾಮಮ್ಮ ಎದ್ದು ಪೆಟ್ಟಿಗೆಯನ್ನು ಮಣೆಸಮೇತ ದೇವರ ಮನೆಗೆ ಒಯ್ದು ಹಳೇ ವೈರಿಗೇ ಸಿಕ್ಕಿಸಿದರು. ಸೀರೆ ಮತ್ತೆ ಬೂದಿಯಾಯಿತು, ಅಡುಗೆಮನೆ ಮತ್ತೆ ಕತ್ತಲಾಯಿತು. “ಈಗ ಚೆನ್ನಾಗಿ ಬರ್ತೈತೆ,” ಎಂದರು ಶಿವಕುಮಾರಪ್ಪ.

ಬಾಗೂರಿಗೆ ಹೋಗಿ ಮಂಜಣ್ಣನಿಗೆ ತಪ್ಪಾಯಿತು ಎನ್ನಬೇಕಾದವರು ಇನ್ನೂ ಹೋಗಿಲ್ಲ. ನನಗೆ ಅದೇ ಸಿಟ್ಟು.