ಮೈನಸ್ ಹನ್ನೊಂದು

ಅರುಣಕುಮಾರನ ಮಣ್ಣಿಗೆ ಬಂದ ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಗು. ನಲ್ಲಿಗೆ ನೀರು ಬಂತು, ಬನಶ್ರೀ ಕೊಡ ತುಂಬಿದಳು. ಗಂಡ ಹೋದಾಗಿನಿಂದ ಅವಳಿಗೆ ಅಳು ಬಂದಿರಲಿಲ್ಲ.

ಒಳಗೆ ಮಗ್ಗ ನಿಂತಿತ್ತು. ಸೆರಗಿನ ಚಿತ್ತಾರ ಹಳೆಯ ಕಂಪ್ಯೂಟರಿನಿಂದ ಸೀರಿಯಲ್ ಕೇಬಲ್ ಹಾದು ಮಗ್ಗದ ಮೇಲಿನ ಪೆಟ್ಟಿಗೆಗೆ ಹೋಗಬೇಕು. ಪೆಟ್ಟಿಗೆ ಅದರಂತೆ ಎಳೆ ಎತ್ತಬೇಕು. ಹಳೆಯ ಕೇಬಲ್ ಕೆಟ್ಟಿದ್ದಕ್ಕೆ ಹೊಸದು ಮಾಡಿಟ್ಟದ್ದೇ ಅರುಣಕುಮಾರನ ಕೊನೆಯ ಕೆಲಸ.

"ವೈನಿ, ಅಣ್ಣ ವೈರ್ ಉಲ್ಟಾ ಹಾಕ್ಯಾನ್ರಿ," ಎಂದ ಮೈದುನ ಅಜಯಕುಮಾರ. ಪಂಪು, ಬ್ಯಾಟರಿ ರಿಪೇರಿ ಅವನ ಕಸುಬು. "ಮಗ್ಗ ಚಾಲೂ ಮಾಡೂಕಿಂತ ಮೊದಲ ಮೀಟರ್ ಹಚ್ಚಿದ್ರ ಮೈನಸ್ ಬಂತು. ತಿರುವಿ ಹಾಕೀನಿ. ಈಗ ಪ್ಲಸ್ ಐತಿ, ಆದ್ರೂ ಪೆಟ್ಟಿಗಿ ಮಿಸುಕವಲ್ದು. ಸುಟ್ಟಿರಬೇಕು."

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅತ್ತೆ ಶಿವಬಸವ್ವ ತಲೆ ಎತ್ತಿದಳು. "ನನ್ನ ಮಗ ಹೋಗೂ ಮುಂದ ಮಗ್ಗ ಕೆಡಿಸಿ ಹೋದಾ ಅಂತ ಓಣ್ಯಾಗ ಅಂತಾರ. ಖರೇ ಏನವಾ?"

ಬನಶ್ರೀಗೆ ಇಷ್ಟು ದಿನಗಳಲ್ಲಿ ನಾಟಿದ್ದು ಇದೊಂದೇ ಮಾತು. ಧಾರವಾಡದಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು ಅವಳು. ಕೇಬಲ್ಲಿನ ತಲೆ ಬಿಚ್ಚಿ, ಎರಡು ತಂತಿಗಳನ್ನು ಗಂಡ ಹಾಕಿದ್ದಂತೆಯೇ ಮತ್ತೆ ಬೆಸೆದು, ಮೀಟರ್ ಹಚ್ಚಿದಳು. ಮೈನಸ್ ಹನ್ನೊಂದು.

"ನೋಡ್ರಿ, ಮತ್ತ ಮೈನಸ್!"

"ಇದು ಬ್ಯಾಟರಿ ಅಲ್ಲೋ ಅಜಯಾ. ಈ ತಂತ್ಯಾಗ ಮೈನಸ್ ಅಂದ್ರ ಒಂದು, ಪ್ಲಸ್ ಅಂದ್ರ ಸೊನ್ನಿ. ಕಂಪ್ಯೂಟರ್ ಸುಮ್ನಿದ್ದಾಗ ಮೈನಸ್ಸೇ ಇರಬೇಕು. ನೀ ತಿರುವಿದ ಮ್ಯಾಲೆ ಪೆಟ್ಟಿಗಿಗೆ ಬರೇ ಸೊನ್ನಿ ಹೊಂಟಿತ್ತು. ಸುಟ್ಟಿಲ್ಲ."

"ಎಂಥಾ ಉಲ್ಟಾ ದಂಧೇರಿ ಇದು!"

ಅವಳು ಕಂಪ್ಯೂಟರಿನಿಂದ ಚಿತ್ತಾರ ಕಳಿಸಿದಳು. ಪೆಟ್ಟಿಗೆ ಕಟಕಟ ಅಂದಿತು, ಎಳೆಗಳು ಎದ್ದವು. ಶಿವಬಸವ್ವ ಲಾಳಿ ಎಸೆದಳು. ಸೆರಗಿನಲ್ಲಿ ಅರ್ಧಕ್ಕೆ ನಿಂತಿದ್ದ ಆನೆಗೆ ಸೊಂಡಿಲು ಮೂಡತೊಡಗಿತು.

"ಬಾಗಲಾ ತೆಗಿಯವಾ," ಎಂದಳು ಅತ್ತೆ. "ಓಣಿಯವರಿಗೂ ಸಪ್ಪಳ ಕೇಳ್ಲಿ."

ಬನಶ್ರೀ ಬಾಗಿಲು ತೆಗೆದವಳು ಮೀಟರ್ ಹಿಡಿದು ಹಾಗೇ ಹೊರಟಳು. ಅದು ಬಜಾರದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುವ ಇನಾಯತನದು.

"ಇಟ್ಕೋ ತಂಗಿ," ಎಂದ ಇನಾಯತ. "ಅರುಣನ ಕೈಯಾಗ ಆಡಿದ್ದು."

"ಸಂಜಿಗೆ ಕೊಡ್ತೀನಂತ ತಂದಿದ್ರಣ್ಣಾ ಅವರು. ನಾ ಗದಗಿಗೆ ಹೋಗಿ ನಂದ ಒಂದು ತರ್ತೀನಿ."

"ಇಲ್ಲೊಂದು ತಕ್ಕಡಿ ಕಂಪ್ಯೂಟರ್ ಜೋಡಿ ಮಾತು ಬಿಟ್ಟೈತಿ. ನೋಡ್ತೀಯೇನು?"

"ಮೀಟರ್ ತಂದ ಮ್ಯಾಲೆ ಬರ್ತೀನಿ."

ಅವಳು ಗುಬುಟು ತಿರುವಿ ಮೀಟರ್ ಬಂದ್ ಮಾಡಿ, ಎರಡೂ ತಂತಿಗಳನ್ನು ಸುತ್ತಿ, ಅವನ ಟೇಬಲ್ಲಿನ ಮೇಲಿಟ್ಟಳು.