ಮೂರೂವರೆಗೊಂದು ಮೀಸೆ

ಹೂವಿನ ನಡುವೆ ಮಲಗಿಸಿದ್ದ ಹೆಂಡತಿಯ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಕ್ಷೌರಿಕ ಕೈ ತೆಗೆದ. ಮೂವತ್ತೊಂದು ವರ್ಷ ಬೆಳಿಗ್ಗೆ ಎದ್ದ ಕೂಡಲೇ ಮಾಡಿದ ಕೆಲಸ. ಗುಳಿ ಬಿದ್ದರೆ ಕಾಲಲ್ಲಿ ನೀರು ನಿಂತಿದೆ ಎಂದರ್ಥ. ಬೀಳದಿದ್ದರೆ ಆ ದಿನ ಗೆದ್ದಂತೆ. ಇವತ್ತು ಕಾಲು ತಣ್ಣಗಿತ್ತು, ಏನೂ ಹೇಳಲಿಲ್ಲ.

"ಭಾವ, ಇವತ್ತೂ ಬೇಕಾ ಅದು?" ನಾದಿನಿ ಮೆಲ್ಲಗೆ ಕೇಳಿದಳು. "ಹನ್ನೊಂದಕ್ಕೆ ಗಾಡಿ ಬರುತ್ತೆ. ಎದ್ದು ಮುಖ ತೊಳ್ಕೊಳ್ಳಿ."

"ನಾನೇ ಕೊಂದೆ ಕಣಮ್ಮ."

"ಏನು ಮಾತು ಇದು?"

"ಭಾನುವಾರ ಕಡಲೆಕಾಯಿ ಕೊಡಿಸಿದೆ, ಉಪ್ಪು ಹಾಕಿ ಹುರಿದಿದ್ದು. ಒಂದೇ ಒಂದ್ಸಲ ಅಂದ್ಲು, ಮನಸ್ಸು ತಡೀಲಿಲ್ಲ. ಪೊಟ್ಟಣ ಪೂರ್ತಿ ತಿಂದ್ಲು. ಆಮೇಲೆ ಎರಡು ದಿನ ಹೆದರ್ಕೊಂಡು ಕಾಲು ಒತ್ತಿ ನೋಡ್ಲೇ ಇಲ್ಲ ನಾನು. ನಿನ್ನೆ ಮಧ್ಯಾಹ್ನ ಮಲಗಿದೋಳು ಏಳಲಿಲ್ಲ."

ಎಪ್ಪತ್ತನಾಲ್ಕರ ಹೃದಯ, ನಿದ್ದೆಯಲ್ಲೇ ನಿಂತಿತು ಎಂದು ಡಾಕ್ಟರು ಹೇಳಿದ್ದರು. ಆ ಮಾತು ಅವನ ಕಿವಿಗೆ ಬಿದ್ದಿತ್ತೇ ಹೊರತು ತಲೆಗೆ ಹೋಗಿರಲಿಲ್ಲ.

*

ನಲವತ್ತಮೂರನೆಯ ವಯಸ್ಸಿಗೆ ಅವಳ ಕಾಲು ಊದಿಕೊಂಡಿತು. ರಕ್ತದಲ್ಲಿರಬೇಕಾದ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತಿದೆ, ಕಡಿಮೆಯೆಂದರೂ ಮೂರೂವರೆ ಇರಬೇಕಾದದ್ದು ಎರಡೇ ಇದೆ ಎಂದರು ಡಾಕ್ಟರು. ನಿಂತು ಮಾಡುವ ಕೆಲಸ ಬಿಡಿ ಎಂದೂ ಹೇಳಿದರು. ಕ್ಷೌರದಂಗಡಿಯಲ್ಲಿ ಗಂಡನಿಗಿಂತ ಅವಳಿಗೇ ಗಿರಾಕಿ ಹೆಚ್ಚು. ಬಿಡುವ ಮಾತೇ ಇರಲಿಲ್ಲ. ಗಾಲಿ ಇರುವ ಸ್ಟೂಲು ತರಿಸಿಕೊಂಡು, ಗಿರಾಕಿಯ ಕುರ್ಚಿಯ ಸುತ್ತ ಉರುಳುತ್ತಾ ಕೆಲಸ ಮಾಡಿದಳು. ಕೆಲಸ ಮುಗಿದಾಗ ಕೈಗನ್ನಡಿ ಹಿಡಿದು, "ಸರಿ ಇದೆಯಾ ನೋಡಿ" ಎನ್ನುವುದನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ.

ಬೆಳಿಗ್ಗೆ ತೂಕ, ಆಮೇಲೆ ಮಾತ್ರೆ. ಉಪ್ಪು ಡಬ್ಬಿಯಲ್ಲಿ ಅಳೆದಿಟ್ಟಷ್ಟೇ. ಶೂ ಎರಡು ಜೊತೆ: ಊದಿದ ದಿನಕ್ಕೆ ದೊಡ್ಡಮ್ಮ, ಇಳಿದ ದಿನಕ್ಕೆ ಚಿಕ್ಕಮ್ಮ. "ಇವತ್ತು ಚಿಕ್ಕಮ್ಮನ ಜೊತೆ ಹೋಗ್ತಿದೀನಿ" ಎಂದು ಅವಳು ಕೂಗಿದರೆ ಗಂಡನಿಗೆ ಕಾಫಿ ಇನ್ನಷ್ಟು ರುಚಿಯಾಗುತ್ತಿತ್ತು.

ತಿಂಗಳಿಗೊಮ್ಮೆ ಅವಳ ರಕ್ತ ತೆಗೆಯುತ್ತಿದ್ದ ಲ್ಯಾಬಿನವನಿಗೆ ಮುಖಕ್ಕಿಂತ ಮೀಸೆಯೇ ದೊಡ್ಡದು. ಅದನ್ನು ಕಂಡಾಗಲೆಲ್ಲ ಅವಳ ಕೈ ಕಡಿಯುತ್ತಿತ್ತು.

"ಒಂದಿನ ಅದಕ್ಕೆ ನನ್ನ ಕತ್ತಿ ತಾಗಿಸ್ತೀನಿ."

"ನಿಮ್ಮದು ಮೂರೂವರೆ ಮುಟ್ಟಲಿ ಅಕ್ಕ, ನಿಮ್ಮ ಕುರ್ಚೀಲೇ ಕೂತು ಬೋಳಿಸ್ಕೊತೀನಿ."

ಎರಡೂಕಾಲಾಯಿತು, ಎರಡೂಮುಕ್ಕಾಲಾಯಿತು. ಒಂದು ಜ್ವರ ಬಂದು ಮತ್ತೆ ಎರಡಕ್ಕಿಳಿಯಿತು. ವರ್ಷಗಟ್ಟಲೆ ಮೂರರ ಆಸುಪಾಸಿನಲ್ಲೇ ತಿಣುಕಾಡಿತು. "ಈ ತಿಂಗಳೂ ಉಳ್ಕೊಂಡ್ರಿ" ಎಂದು ನಗುತ್ತಾ ಅವಳು ತೋಳು ಮಡಚಿಕೊಂಡು ಬರುತ್ತಿದ್ದಳು. ಮೀಸೆ ಬೆಳ್ಳಗಾದರೂ ಪಂದ್ಯ ಹಾಗೇ ಇತ್ತು.

*

ಹತ್ತೂವರೆಗೆ ಲ್ಯಾಬಿನವನು ಬಂದ. ಕೈಯಲ್ಲಿ ಹೂವಿರಲಿಲ್ಲ, ಮಡಚಿದ ಕಾಗದವಿತ್ತು.

"ಸೋಮವಾರ ಅಕ್ಕ ಕೊಟ್ಟ ರಕ್ತದ್ದು, ಅಣ್ಣ. ಮಿಷನ್ನೇ ತಪ್ಪಿರಬೇಕು ಅಂತ ಎರಡು ಸಲ ಹಾಕಿದೆ."

ಕ್ಷೌರಿಕ ಕನ್ನಡಕ ಹುಡುಕಿ ಹಾಕಿಕೊಂಡ. ಮೂರೂವರೆ.

"ಭಾನುವಾರ ಉಪ್ಪು ತಿಂದಿದ್ಲಲ್ಲಪ್ಪ..."

"ಗೊತ್ತು, ಅವರೇ ಹೇಳಿದ್ರು. 'ನಮ್ಮನೆಯವ್ರು ಕಡಲೆಕಾಯಿ ಕೊಡಿಸಿದ್ರು' ಅಂತ ಎಲ್ಲರ ಹತ್ರನೂ ಹೇಳ್ಕೊಂಡ್ರು. ನಾನೇ ತೂಗಿದೆ, ತೂಕ ಏರಿರಲಿಲ್ಲ. ಕಾಲು ಒತ್ತಿ ನೋಡಿದೆ, ಗುಳಿ ಬೀಳಲಿಲ್ಲ. ಒಂದು ಪೊಟ್ಟಣ ಕಡಲೆಕಾಯಿಗೆ ಸೋಲೋ ಹೆಂಗಸಾ ಅಕ್ಕ?"

ಕ್ಷೌರಿಕ ಕಾಗದವನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ನಿನ್ನೆಯಿಂದ ಬಾರದ ಅಳು ಈಗ ಬಂದಿತ್ತು. ಲ್ಯಾಬಿನವನು ಕಾದ. ಆಮೇಲೆ ಮನೆಯ ಮುಂಭಾಗದಲ್ಲೇ ಇದ್ದ ಕ್ಷೌರದಂಗಡಿಗೆ ನಡೆದು, ಅವಳ ಕುರ್ಚಿಯಲ್ಲಿ ಕುಳಿತು, ಬಿಳಿ ಬಟ್ಟೆಯನ್ನು ತಾನೇ ಕೊರಳಿಗೆ ಸುತ್ತಿಕೊಂಡ.

"ಬನ್ನಿ ಅಣ್ಣ. ಅಕ್ಕನ ಕತ್ತೀಲೇ ಆಗ್ಬೇಕು."

"ಇವತ್ತಾ? ಜನ ಏನಂದ್ಕೊತಾರೆ?" ಎಂದಳು ನಾದಿನಿ.

"ಅಂದ್ಕೊಳ್ಳಲಿ ಬಿಡಿ. ಸೋತಿರೋನು ನಾನು, ನಿಮ್ಮಕ್ಕ ಅಲ್ಲ."

ಕ್ಷೌರಿಕ ಅವಳ ಸ್ಟೂಲಿನ ಮೇಲೆ ಕುಳಿತ. ನೊರೆ ಹಚ್ಚುವಾಗ ಕೈ ನಡುಗುತ್ತಿತ್ತು. ಕತ್ತಿ ಹಿಡಿದಾಗ ನಿಂತಿತು. ಒಳಗೆ ಅಳುತ್ತಿದ್ದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಅಂಗಡಿಯ ಹಳೆಯ ಗಿರಾಕಿ ಅಂಚೆಯವನು ಕತ್ತು ಚಾಚಿದ.

"ಹಾಗಾದ್ರೆ ಗೆದ್ದೇಬಿಟ್ರಾ?"

"ಗೆದ್ಲು," ಎಂದ ಕ್ಷೌರಿಕ. ಹೆಮ್ಮೆಯಿಂದ ಅವನ ದನಿ ಬೀದಿಗೂ ಕೇಳಿಸಿತು.

ಹೊರಗೆ ಗಾಡಿಯ ಹಾರ್ನ್ ಆಯಿತು. ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಬೀದಿಗಿಳಿದಳು. "ಸ್ವಲ್ಪ ತಡಿಯಪ್ಪ, ಇನ್ನೂ ಅರ್ಧ ಮೀಸೆ ಬಾಕಿ ಇದೆ."

ಬಾಗಿಲಲ್ಲಿ ನಿಂತಿದ್ದವರು ನಕ್ಕರು. ಸಾವಿನ ಮನೆ ಎಂಬುದು ನೆನಪಾದರೂ ನಗು ನಿಲ್ಲಲಿಲ್ಲ.

ಎಲ್ಲ ಮುಗಿದ ಮೇಲೆ ಕ್ಷೌರಿಕ ಕೈಗನ್ನಡಿ ಎತ್ತಿಕೊಂಡು ಒಳಗೆ ಹೋದ. ಲ್ಯಾಬಿನವನು ಅವಳ ತಲೆಯ ಹಿಂದೆ ಬಗ್ಗಿ ನಿಂತ. ಕ್ಷೌರಿಕ ಕನ್ನಡಿಯನ್ನು ಹೆಂಡತಿಯ ಮುಖದೆದುರು ಹಿಡಿದು, ಆ ಬೋಳು ತುಟಿ ಅದರೊಳಗೆ ಪೂರ್ತಿ ಬರುವಂತೆ ತುಸು ವಾರೆ ಮಾಡಿದ.

"ಸರಿ ಇದೆಯಾ ನೋಡು," ಎಂದ.