ಅರವತ್ತು ಸೈಕಲ್ಲಿನ ಗಡಿಯಾರ

ಜವರಯ್ಯನ ಮನೆಗೆ ಆ ಗಡಿಯಾರದ ರೇಡಿಯೊ ಬಂದಾಗಿನಿಂದ ಗುರುಮಲ್ಲಪ್ಪನವರಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಬನ್ನಿಮಂಟಪದಲ್ಲಿ ನಲವತ್ತು ವರ್ಷ ರೇಡಿಯೊ ರಿಪೇರಿ ಅಂಗಡಿ ನಡೆಸಿದವರು ಅವರು. ಜವರಯ್ಯನಿಗೆ ಬೆಸುಗೆ ಹಾಕುವುದನ್ನು ಕೈಹಿಡಿದು ಕಲಿಸಿದವರೂ ಅವರೇ. ಈಗ ನೋಡಿದರೆ ಊರಿನ ಹಳೇ ರೇಡಿಯೊ ಹುಚ್ಚರೆಲ್ಲ ಶ್ರೀರಾಂಪುರದ ಶಿಷ್ಯನ ಮನೆಗೇ ಎಡತಾಕುತ್ತಿದ್ದರು.

ಅದು ಅಮೆರಿಕದ ಐದು ವಾಲ್ವಿನ ಸೆಟ್ಟು. ಕೆನೆ ಬಣ್ಣ, ಎಡಕ್ಕೆ ದುಂಡು ಗಡಿಯಾರ, ಬಲಕ್ಕೆ ಸ್ಟೇಷನ್ ಹುಡುಕುವ ಗುಂಡಿ. ಹೊತ್ತು ಗೊತ್ತುಮಾಡಿಟ್ಟರೆ ಆ ಹೊತ್ತಿಗೆ ತಾನೇ ಆನ್ ಆಗಿ ಹಾಡುತ್ತದೆ. ಅಂಥದ್ದೊಂದು ತಮ್ಮ ಕೈಗೆ ಸಿಗಲೆಂದು ಗುರುಮಲ್ಲಪ್ಪನವರು ಆಯಸ್ಸಿಡೀ ಕಾದಿದ್ದರು. ಸಿಕ್ಕಿದ್ದು ಇವನಿಗೆ. ಹೊಟ್ಟೆ ಉರಿಯದೆ ಇನ್ನೇನು?

ಹಿಂದಿನ ಭಾನುವಾರ ಜವರಯ್ಯ ಅದನ್ನು ಅವರ ಮುಂದಿಟ್ಟು, ನೀವು ನೋಡಿ ಸರಿ ಅಂದ ಮೇಲೆಯೇ ಕರೆಂಟು ಕೊಡುತ್ತೇನೆ ಎಂದಿದ್ದ. ಹಿಂಬದಿಯ ಚೀಟಿಯನ್ನು ಅವರು ಓದಿದರು. ನೂರಹದಿನೇಳು ವೋಲ್ಟು, ಅರವತ್ತು ಸೈಕಲ್. ವೋಲ್ಟು ಇಳಿಸಲು ಟ್ರಾನ್ಸ್‌ಫಾರ್ಮರ್ ತಾ ಎಂದರು. ಸೈಕಲ್ಲಿನ ಮಾತು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡರು. ನಮ್ಮ ಕರೆಂಟು ಐವತ್ತು ಸೈಕಲ್ಲಿನದು, ಎಂದರೆ ಸೆಕೆಂಡಿಗೆ ಐವತ್ತೇ ಸಲ ಮಿಡಿಯುವಂಥದ್ದು, ಅದನ್ನು ಟ್ರಾನ್ಸ್‌ಫಾರ್ಮರ್ ಬದಲಿಸುವುದಿಲ್ಲ. ಹಾಡಿಗೆ ತೊಂದರೆಯಿಲ್ಲ, ಆ ಮಿಡಿತದ ಎಣಿಕೆಗೇ ತಿರುಗುವ ಗಡಿಯಾರದ ಮೋಟಾರು ಮಾತ್ರ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಬೀಳಲಿ, ಎಲ್ಲರೆದುರು ಇವನ ಮುಖಕ್ಕೆ ಮಂಗಳಾರತಿಯಾಗಲಿ ಎಂದು ವಾರವಿಡೀ ಒಳಗೊಳಗೇ ಹಿಗ್ಗಿದರು.

ಈ ಭಾನುವಾರ ಹತ್ತು ಗಂಟೆಗೆ ಜವರಯ್ಯ ಗಡಿಯಾರ ಹೊಂದಿಸಿ ಪ್ಲಗ್ ಹಾಕಿದ. ಹನ್ನೊಂದಕ್ಕೆ ಸರಿಯಾಗಿ ಹಾಡುತ್ತದೆ, ನಮ್ಮ ಗುರುಗಳೇ ಪರೀಕ್ಷೆ ಮಾಡಿದ ಸೆಟ್ಟು ಎಂದು ಬಂದವರಿಗೆಲ್ಲ ಹೇಳಿದ. ಉಪ್ಪಿಟ್ಟು, ಕಾಫಿ ಮುಗಿದವು. ಮೊಬೈಲುಗಳಲ್ಲಿ ಹನ್ನೊಂದಾಯಿತು. ರೇಡಿಯೊದ ಮುಳ್ಳು ಮಾತ್ರ ಇನ್ನೂ ಹತ್ತೂ ಐವತ್ತರಲ್ಲಿತ್ತು. ಜವರಯ್ಯನ ಮುಖ ಇಳಿದುಹೋಯಿತು. ಗುರುಮಲ್ಲಪ್ಪನವರ ಹೊಟ್ಟೆ ತಣ್ಣಗಾಯಿತು.

ಅಷ್ಟರಲ್ಲಿ ರಾಜೀವನಗರದ ವಾಚ್ ರಿಪೇರಿ ಮನೋಹರ್ ಬಾಯಿ ಹಾಕಿದ. ಒಳಗೆ ಹಲ್ಲುಚಕ್ರ ಸವೆದಿದೆ, ಪಾಪ, ಗುರುಗಳಿಗೂ ವಯಸ್ಸಾಯಿತು, ಕಣ್ಣಿಗೆ ಬಿದ್ದಿಲ್ಲ ಎಂದ. ಕೂತವರು ಹೌದೆಂಬಂತೆ ತಲೆಯಾಡಿಸಿದರು. ಗುರುಮಲ್ಲಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು.

"ಯಾವ ಚಕ್ರನೂ ಸವೆದಿಲ್ಲ ಕಣಯ್ಯ," ಎಂದರು. "ಅರವತ್ತು ಸೈಕಲ್ ಮೋಟಾರು ಅದು. ಉಳಿದ ಹತ್ತು ನಿಮಿಷ ಓಡೋಕೆ ಅದಕ್ಕೆ ಹನ್ನೆರಡು ನಿಮಿಷ ಬೇಕು, ಹನ್ನೊಂದೂ ಹನ್ನೆರಡಕ್ಕೆ ತಾನೇ ಹಾಡುತ್ತೆ. ಹೋದ ವಾರನೇ ಲೆಕ್ಕ ಹಾಕಿಟ್ಟಿದ್ದೀನಿ."

ಹೇಳಿದ ಮೇಲೆ ಏನು ಹೇಳಿದೆನೆಂದು ಅವರಿಗೇ ಹೊಳೆಯಿತು. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಹಾಡು ಬರುವವರೆಗೂ ಅವರು ಖಾಲಿ ಲೋಟವನ್ನೇ ನೋಡುತ್ತಾ ಕೂತರು.

ಹನ್ನೊಂದೂ ಹನ್ನೆರಡಕ್ಕೆ ಟಕ್ ಎಂದಿತು. ವಾಲ್ವುಗಳು ಬಿಸಿಯಾಗಿ, ಅರ್ಧ ನಿಮಿಷಕ್ಕೆ ಬೆಂಗಳೂರು ಸ್ಟೇಷನ್ನಿನ ವೀಣೆ ತುಂಬು ದನಿಯಲ್ಲಿ ಬಂತು. ಜವರಯ್ಯ ಎದ್ದು ಬಂದು ಅವರ ಕೈಯಿಂದ ಲೋಟ ತೆಗೆದುಕೊಂಡ.

"ನಿಮ್ಮ ಲೆಕ್ಕ ಸರಿಯಾಗಿತ್ತು, ಗುರುಮಲ್ಲಪ್ಪನವರೇ," ಎಂದ.

ಮೂವತ್ತು ವರ್ಷದಲ್ಲಿ ಅವನು ಒಂದು ದಿನವೂ ಅವರನ್ನು ಹೆಸರು ಹಿಡಿದು ಕರೆದಿರಲಿಲ್ಲ.